ಹೊಸ ಫೋನಿಗೆ ಹೆಂಡತಿಯ ಬೆರಳು

ದರ್ಜಿ: ಬೆರಳು ಕೊಡೇ.

ಹೆಂಡತಿ: ಕೊಡಲ್ಲ.

ದರ್ಜಿ: ಒಂದೇ ಒಂದು ಸಲ.

ಹೆಂಡತಿ: ಬೆಳಗ್ಗೆಯಿಂದ ಇಪ್ಪತ್ತಾರು ಸಲ ‘ಒಂದೇ ಒಂದು ಸಲ’ ಆಯ್ತು. ನಾನು ಗುಂಡಿಗೆ ಕಾಜಾ ಹಾಕ್ಲೋ, ನಿಮ್ಮ ಫೋನಿನ ಬಾಗಿಲು ಕಾಯ್ಲೋ?

(ಹೊಲಿಗೆ ಅಂಗಡಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಒಂದು ನಿಲುವುಗನ್ನಡಿ, ಮೂಲೆಯಲ್ಲಿ ಪರದೆ, ಅದರ ಹಿಂದೆ ಎರಡು ಮಷೀನು. ನಡುವೆ ತಲೆಯಿಲ್ಲದ ಮರದ ಬೊಂಬೆಯ ಮೇಲೆ ಒಂದು ಕಪ್ಪು ಕೋಟು. ಅದರ ತೋಳುಗಳನ್ನು ಬರೀ ಗುಂಡುಸೂಜಿಯಲ್ಲಿ ಸಿಕ್ಕಿಸಿದೆ. ದರ್ಜಿ ಹನ್ನೊಂದು ವರ್ಷ ಒಂದೇ ಕಂಪನಿಯ ಫೋನು ಬಳಸಿದವನು. ಅದರ ಬ್ಯಾಟರಿ ಊದಿಕೊಂಡಾಗ ಹೆಂಡತಿಯ ತಮ್ಮ ಬೇರೆಯದೇ ಸಿಸ್ಟಮ್ಮಿನ ಹೊಸ ಫೋನು ತಂದು ಕೈಗಿಟ್ಟು ಇವತ್ತಿಗೆ ಮೂರು ದಿನ. ಸೂಜಿ ಚುಚ್ಚಿ, ಇಸ್ತ್ರಿ ತಾಗಿ ನುಣ್ಣಗಾಗಿಹೋದ ದರ್ಜಿಯ ಹತ್ತೂ ಬೆರಳುಗಳನ್ನು ಈ ಹೊಸ ಫೋನು ಬೆರಳೆಂದೇ ಒಪ್ಪಲಿಲ್ಲ. ಕೊನೆಗೆ ಹೆಂಡತಿಯ ಹೆಬ್ಬೆರಳನ್ನು ಒತ್ತಿಸಿ ಕೆಲಸ ಮುಗಿಸಿದ್ದರು. ಅಂದಿನಿಂದ ಅವಳಿಲ್ಲದೆ ಫೋನು ತೆರೆಯುವುದಿಲ್ಲ.)

ದರ್ಜಿ: ಹಳೇ ಫೋನು ಹೀಗೆಲ್ಲ ಅವಮಾನ ಮಾಡ್ತಿರಲಿಲ್ಲ. ಕೈಗೆತ್ಕೊಂಡ್ರೆ ಸಾಕು, ತೆರ್ಕೊಳ್ತಿತ್ತು.

ಹೆಂಡತಿ: ಹೌದು, ತೆರ್ಕೊಳ್ತಿತ್ತು. ಹಿಂದಿನ ಮುಚ್ಚಳ.

ದರ್ಜಿ: ಅದಕ್ಕೆ ಕೆಳಗಡೆ ಒಂದು ಗುಂಡಿ ಇತ್ತು. ಎಲ್ಲೇ ದಾರಿ ತಪ್ಪಲಿ, ಗುಂಡಿ ಒತ್ತಿದ್ರೆ ಹೊರಟ ಜಾಗಕ್ಕೆ ತಂದು ಬಿಡ್ತಿತ್ತು. ಊರಿಗೆಲ್ಲ ಗುಂಡಿ ಹೊಲಿದುಕೊಟ್ಟವನ ಕೈಗೆ ಗುಂಡಿ ಇಲ್ಲದ ಫೋನು ಕೊಟ್ಟಿದಾನಲ್ಲ ನಿನ್ನ ತಮ್ಮ!

ಹೆಂಡತಿ: ಪಕ್ಕದಿಂದ ಮೆಲ್ಲಗೆ ಸವರಿದ್ರೆ ಹಿಂದಕ್ಕೆ ಹೋಗುತ್ತೆ ಅಂತ ನೂರು ಸಲ ಹೇಳಿದೀನಿ.

ದರ್ಜಿ: ಸವರೋಕೆ ಇದೇನು ಬೆಕ್ಕಾ?

ಹೆಂಡತಿ: ಬೆಕ್ಕಾಗಿದ್ರೆ ಇಷ್ಟು ಹೊತ್ತಿಗೆ ನಿಮ್ಮನ್ನ ಪರಚಿರ್ತಿತ್ತು. ಈಗ ಯಾರಿಗೆ ಫೋನು?

ದರ್ಜಿ: ಇನ್ಯಾರಿಗೆ, ಬ್ಯಾಂಡ್ ಮೇಷ್ಟ್ರಿಗೆ. ಕೋಟು ತಯಾರಾದ್ ಕೂಡ್ಲೇ ಫೋನ್ ಮಾಡ್ತೀನಿ ಅಂದಿದ್ದೆ. ಗಂಟೆ ಎರಡೂವರೆ ಆಯ್ತು. ಆರಕ್ಕೆ ಅವರ ಕಾರ್ಯಕ್ರಮ. ಎರಡು ಗಂಟೆ ಕೈ ಮೇಲೆತ್ತಿ ಕೋಲು ಆಡಿಸೋ ಮನುಷ್ಯ. ಕಂಕುಳು ಹಿಡಿದ್ರೆ ಕೋಟು ಪೂರ್ತಿ ಮೇಲೆದ್ದು ಬರುತ್ತೆ, ಜನ ಸಂಗೀತ ಬಿಟ್ಟು ಅವರ ಬೆಲ್ಟು ನೋಡ್ತಾ ಕೂತಿರ್ತಾರೆ. ಒಂದು ಸಲ ಮೈಗೆ ಹಾಕಿ ಕೈ ಎತ್ತಿಸಿ ನೋಡದೆ ನಾನು ತೋಳು ಹೊಲಿಯಲ್ಲ.

ಹೆಂಡತಿ: ಅವರ ಮನೆಗೇ ಹೋಗಿ.

ದರ್ಜಿ: ಮನೆ ಎಲ್ಲಿ ಅಂತ ಗೊತ್ತಿದ್ರೆ ತಾನೆ? ಸಭಾಭವನಕ್ಕೆ ಹೋಗು ಅಂತೀಯೇನೋ. ಮಷೀನು ಹೊತ್ಕೊಂಡು ಹೋಗ್ಲಾ? ಈ ಒಂದು ಕೋಟು ಚೆನ್ನಾಗಿ ಕೂತ್ರೆ ಬ್ಯಾಂಡಿನ ಉಳಿದ ಹದಿನೇಳು ಜನರ ಕೋಟೂ ನಮಗೇ ಅಂದಿದಾರೆ. ಕೂರದಿದ್ರೆ ಎದುರಿನ ರೆಡಿಮೇಡ್ ಅಂಗಡಿಗೆ. ಅಲ್ಲಿ ಕೋಟುಗಳು ಮೊಳೆಗೆ ನೇತಾಡ್ತಿವೆ, ಮನುಷ್ಯರ ಮೈಮೇಲೂ ಹಾಗೇ ನೇತಾಡ್ತವೆ. ಅವರಿಗೆ ಸೋಲ್ಬೇಕಾ ನಾನು? ಕೊಡೇ ಬೆರಳು!

(ಹೆಂಡತಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, ದೊಡ್ಡ ಉಪಕಾರ ಮಾಡುವವಳಂತೆ ಹೆಬ್ಬೆರಳು ಒತ್ತಿದಳು. ಫೋನು ತಕ್ಷಣ ತೆರೆದುಕೊಂಡಿತು. ಅದನ್ನು ಕಂಡು ದರ್ಜಿಗೆ ಇನ್ನಷ್ಟು ಉರಿಯಿತು.)

ಹೆಂಡತಿ: ಬ್ಯಾಂಡ್ ಅಂತ ಹಾಕಿ, ಬರುತ್ತೆ.

ದರ್ಜಿ: ಬ್ಯಾಂಡ್ ಅಂತ ಯಾಕೆ ಬರೀಲಿ? ಹೆಸರಿಗೆ ಬಟ್ಟೆ ಹೊಲೀತೀನಾ ನಾನು? ಮೈಗೆ ಹೊಲಿಯೋದು. ಅದಕ್ಕೆ ಮೈಯೇ ಬರೆದಿಟ್ಕೊಂಡಿರೋದು. ‘ಬಲಭುಜ ಕೆಳಗೆ’, ‘ಕತ್ತು ಗಿಡ್ಡ’, ‘ಬೆನ್ನು ಬಾಗು’. ಫೋನು ಬಂದ ತಕ್ಷಣ ಯಾರ ಯಾವ ಊನಕ್ಕೆ ಎಲ್ಲಿ ಮಡಿಕೆ ಹಾಕ್ಬೇಕು ಅಂತ ಹೊಳೆದುಬಿಡುತ್ತೆ. ಮೇಷ್ಟ್ರು ‘ಹೊಟ್ಟೆ ಮುಂದೆ’.

ಹೆಂಡತಿ: ಈ ಊರಲ್ಲಿ ಹೊಟ್ಟೆ ಮುಂದೆ ಇರೋರು ಅವರೊಬ್ಬರೇನಾ?

ದರ್ಜಿ: ನಲವತ್ತೊಂದು ಜನ. ಆದ್ರೆ ಸಾಲು ನನಗೆ ಬಾಯಿಪಾಠ. ಮೇಲಿಂದ ಏಳನೇ ಹೊಟ್ಟೆ ಬ್ಯಾಂಡ್ ಮೇಷ್ಟ್ರು. ಎಂಟನೇದು ಹೆಡ್‌ಮಾಸ್ಟರ್. ಹನ್ನೊಂದನೇದು... ಅರೆ! ಇದೇನೇ ಇದು?

ಹೆಂಡತಿ: ಏನಾಯ್ತು?

ದರ್ಜಿ: ಹೊಟ್ಟೆ ಒಂದೇ ಇದೆ!

ಹೆಂಡತಿ: ಸರಿಯಾಗಿ ನೋಡಿ.

ದರ್ಜಿ: ಒಂದೇ ಹೊಟ್ಟೆ. ಒಂದೇ ಬೆನ್ನು. ಒಂದೇ ಕತ್ತು. ಅಯ್ಯೋ, ನೂರ ಅರವತ್ತು ಗಿರಾಕಿಗಳಿದ್ರು, ಒಂಬತ್ತು ಜನ ಉಳಿದಿದಾರೆ! ನಿನ್ನ ತಮ್ಮ ನನ್ನ ಅಂಗಡೀನೇ ನುಂಗಿ ನೀರು ಕುಡಿದ!

(ಹೆಂಡತಿ ತನ್ನ ಫೋನಿನಿಂದ ತಮ್ಮನಿಗೆ ಕರೆ ಮಾಡಿದಳು. ಅವನು ಲಿಫ್ಟ್ ರಿಪೇರಿ ಮಾಡುವವನು. ಪಕ್ಕದ ಕಟ್ಟಡದಲ್ಲೇ ಇದ್ದವನು ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಐದು ನಿಮಿಷದಲ್ಲಿ ಬಂದ. ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.)

ಭಾವಮೈದ: ಏನೂ ಹೋಗಿಲ್ಲ ಭಾವ, ಎಲ್ಲ ಒಳಗೇ ಇದೆ. ಹೊಸ ಫೋನಿಗೆ ಬುದ್ಧಿ ಜಾಸ್ತಿ. ಹಳೇದ್ರಿಂದ ಇದಕ್ಕೆ ತುಂಬಿಸ್ತಿದ್ದಾಗ ಅದೇ ಕೇಳ್ತು, ‘ಒಂದೇ ಹೆಸರಲ್ಲಿ ನಲವತ್ತೊಂದು ನಂಬರ್ ಇದೆ, ಇವರೆಲ್ಲ ಒಬ್ಬರೇ ತಾನೆ, ಸೇರಿಸಿಬಿಡ್ಲಾ’ ಅಂತ. ನಾನು ಹೂಂ ಅಂದೆ.

ದರ್ಜಿ: ಹೂಂ ಅಂದ್ಯಾ? ಒಬ್ಬ ಮನುಷ್ಯನಿಗೆ ನಲವತ್ತೊಂದು ನಂಬರ್ ಇರುತ್ತೇನಯ್ಯಾ?

ಭಾವಮೈದ: ಯಾರೋ ದೊಡ್ಡ ಮನುಷ್ಯ ಇರ್ಬೇಕು ಅನ್ಕೊಂಡೆ.

ದರ್ಜಿ: ಕೇಳಿದ್ಯೇನೇ ನಿನ್ನ ತಮ್ಮನ ಬುದ್ಧಿ? ಇಂಥವನು ರಿಪೇರಿ ಮಾಡಿದ ಲಿಫ್ಟಲ್ಲಿ ಜನ ಹೋಗಿಬರ್ತಾರಲ್ಲ, ಅವರ ಧೈರ್ಯ ಮೆಚ್ಚಬೇಕು.

ಭಾವಮೈದ: ಬೇಕಾದ್ರೆ ಮತ್ತೆ ಬೇರೆಬೇರೆ ಮಾಡ್ಬಹುದು ಭಾವ. ಆದ್ರೆ ಸಾಲು ಮೊದಲಿನ ಹಾಗೆ ಬರಲ್ಲ. ಏಳನೇ ಹೊಟ್ಟೆ ಮೂವತ್ತನೇದಾಗಿರ್ಬಹುದು.

ದರ್ಜಿ: ಹಳೇ ಫೋನು ತಂದುಕೊಡು. ನನಗೆ ಈ ಬುದ್ಧಿವಂತ ಬೇಡ, ಆ ಪೆದ್ದನೇ ಸಾಕು.

ಭಾವಮೈದ: ಊದಿದ ಬ್ಯಾಟರಿ ಮನೇಲಿ ಇಟ್ಕೊಬಾರ್ದು ಅಂದ್ರು. ಅಂಗಡೀಲೇ ಕೊಟ್ಟು ಬಂದೆ.

ದರ್ಜಿ: ಕೊಟ್ಟು ಬಂದ! ನನ್ನ ಹನ್ನೊಂದು ವರ್ಷ ಕೊಟ್ಟು ಬಂದ! ಇವನ ತಲೆಗೆ ಹತ್ತಿ ತುಂಬಿದಾರೆ, ಅದೂ ಹಳೇ ದಿಂಬಿಂದು.

(ಇಷ್ಟು ಹೊತ್ತಿಗೆ ಫೋನಿನ ಬೆಳಕು ಆರಿ ಮತ್ತೆ ಬೀಗ ಬಿತ್ತು. ದರ್ಜಿ ಹೆಂಡತಿಯ ಕಡೆ ನೋಡಿದ. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಿದ್ದಳು.)

ಹೆಂಡತಿ: ನನ್ನ ತಮ್ಮನ್ನ ಬಾಯಿಗೆ ಬಂದ ಹಾಗೆ ಅನ್ನೋರಿಗೆ ನನ್ನ ಬೆರಳಿಲ್ಲ.

ಭಾವಮೈದ: ಬೆರಳು ಯಾಕಕ್ಕಾ? ಅಂಕಿ ಹಾಕಿದ್ರೂ ತೆರೆಯುತ್ತೆ. ಭಾವನಿಗೆ ನೆನಪಿರಲಿ ಅಂತ ಸುಲಭದ್ದೇ ಇಟ್ಟಿದೀನಿ.

ದರ್ಜಿ: ಇದನ್ನ ಮೊದಲೇ ಬೊಗಳೋಕೆ ಏನಾಗಿತ್ತು? ಯಾವ ಅಂಕಿ?

ಭಾವಮೈದ: ಅಕ್ಕ ಹುಟ್ಟಿದ ದಿನ.

(ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಗಂಡನ ಕಡೆ ತಿರುಗಿದಳು. ಇಸ್ತ್ರಿಪೆಟ್ಟಿಗೆ ಬುಸ್ ಎಂದಿತು.)

ಹೆಂಡತಿ: ಹಾಕಿ ಮತ್ತೆ.

ದರ್ಜಿ: ಕನ್ನಡಕ ಎಲ್ಲಿಟ್ನೋ.

ಹೆಂಡತಿ: ಮೂಗಿನ ಮೇಲಿದೆ.

ದರ್ಜಿ: ಅಂಕಿಗಳು ತೀರಾ ಸಣ್ಣ ಇವೆ ಇದರಲ್ಲಿ...

ಹೆಂಡತಿ: ಹಾಕಿ ಅಂದೆ.

(ದರ್ಜಿ ಹಾಕಿದ. ತಪ್ಪು ಎಂದಿತು ಫೋನು. ಇನ್ನೊಂದು ಹಾಕಿದ. ಅದೂ ತಪ್ಪು.)

ದರ್ಜಿ: ಚಳಿಗಾಲದಲ್ಲಿ ಅಲ್ವಾ?

ಹೆಂಡತಿ: ಯಾರು, ನಾನಾ?

ದರ್ಜಿ: ಹಾಗಾದ್ರೆ ಬೇಸಿಗೆ.

(ಇನ್ನೂ ಮೂರು ಸಲ ಹಾಕಿದ. ‘ಐದು ನಿಮಿಷ ಬಿಟ್ಟು ಪ್ರಯತ್ನಿಸಿ’ ಎಂದು ಹೇಳಿ ಫೋನು ಮುಖ ತಿರುಗಿಸಿತು. ಹೆಂಡತಿಯೂ ತಿರುಗಿಸಿದಳು.)

ಹೆಂಡತಿ: ಕತ್ತು ಗಿಡ್ಡದವನ ಕಾಲರು ಹದಿನೇಳೂಕಾಲು ಅಂತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀರಿ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಹುಟ್ಟಿದ್ದು ಯಾವತ್ತು ಅಂತ ಗೊತ್ತಿಲ್ಲ! ಋತು ಕೇಳ್ತಾರಂತೆ, ಋತು! ನಾನೇನು ತರಕಾರೀನಾ?

ದರ್ಜಿ: ನಿನ್ನ ಅಳತೆ ಎಲ್ಲ ನೆನಪಿದೆ ಕಣೇ.

ಹೆಂಡತಿ: ಬಾಯಿ ಮುಚ್ಚಿ.

(ಐದು ನಿಮಿಷ ಮೂವರೂ ಮೂರು ದಿಕ್ಕಿಗೆ ನೋಡುತ್ತ ಕಳೆದರು. ಗಂಟೆ ಮೂರಾಯಿತು. ಹೆಂಡತಿ ಕೋಟಿನ ಮುಂಭಾಗವನ್ನು ಒಮ್ಮೆ ಮುಟ್ಟಿ ನೋಡಿ, ಬಂದು ಹೆಬ್ಬೆರಳು ಒತ್ತಿದಳು.)

ಹೆಂಡತಿ: ನಿಮಗೋಸ್ಕರ ಅಲ್ಲ. ಇದರ ಕಾಜಾ ನಾನು ಹಾಕಿದ್ದು, ಒಂದೊಂದಕ್ಕೂ ಅರ್ಧ ಗಂಟೆ ಕಣ್ಣು ಕಿತ್ತುಕೊಂಡಿದೀನಿ. ಇದು ಮೊಳೆಗೆ ನೇತಾಡೋದು ನೋಡೋಕಾಗಲ್ಲ ನನಗೆ. ಮೇಲಿಂದ ಒಂದೊಂದಾಗಿ ಮಾಡ್ತಾ ಹೋಗಿ.

(ಮೊದಲನೆಯ ನಂಬರು. ಆ ಕಡೆಯಿಂದ ಒಂದು ದಪ್ಪ ಧ್ವನಿ.)

ಧ್ವನಿ: ಯಾರು?

ದರ್ಜಿ: ನಮಸ್ಕಾರ, ದರ್ಜಿ ಮಾತಾಡ್ತಿರೋದು. ತಾವು... ಕೈ ಎತ್ತೋರಾ?

ಧ್ವನಿ: ಏನಂದ್ರಿ?

ದರ್ಜಿ: ಅಲ್ಲ, ತಪ್ಪು ತಿಳೀಬೇಡಿ. ತಾವು ಕೋಲು ಹಿಡಿಯೋರಾ ಅಂತ.

ಧ್ವನಿ: ಯಾರಿಗೆ ಬಾರಿಸ್ಬೇಕು?

(ದರ್ಜಿ ಗಾಬರಿಯಲ್ಲಿ ಕರೆ ತುಂಡರಿಸಿದ.)

ಹೆಂಡತಿ: ‘ಬ್ಯಾಂಡ್ ಮೇಷ್ಟ್ರಾ’ ಅಂತ ನೇರವಾಗಿ ಕೇಳೋಕೆ ಏನು ರೋಗ ನಿಮಗೆ?

ದರ್ಜಿ: ಒಬ್ಬ ಗಿರಾಕಿ ಹತ್ತಿರ ಇನ್ನೊಬ್ಬ ಗಿರಾಕಿ ವಿಷಯ ಎತ್ತಬಾರ್ದು. ಪ್ರತಿಯೊಬ್ಬನೂ ನಾನು ಅವನೊಬ್ಬನ ಬಟ್ಟೇನೇ ಹೊಲೀತಾ ಕೂತಿದೀನಿ ಅನ್ಕೊಂಡಿರ್ತಾನೆ. ಅದು ಕಸುಬಿನ ಮರ್ಯಾದೆ.

(ಎರಡನೆಯ ನಂಬರು.)

ಧ್ವನಿ: ಅಬ್ಬಾ, ಕೊನೆಗೂ ನೀವೇ ಮಾಡಿದ್ರಲ್ಲ! ನನ್ನ ಪ್ಯಾಂಟು ಎಲ್ರೀ? ಎರಡು ತಿಂಗಳಿಂದ ನಾಳೆ ನಾಳೆ ಅಂತಿದೀರಿ!

ದರ್ಜಿ: ರಾಂಗ್ ನಂಬರ್.

ಹೆಂಡತಿ: ಫೋನ್ ಮಾಡಿದ್ದು ನೀವು!

ದರ್ಜಿ: ಅದಕ್ಕೇ ಹೇಳಿದೆ, ಈ ಫೋನೇ ಸರಿಯಿಲ್ಲ ಅಂತ.

ಭಾವಮೈದ: ಕೊಡಿ ಭಾವ ಇಲ್ಲಿ. ಹೀಗೆ ಮಾಡ್ತಾ ಕೂತ್ರೆ ನಿಮ್ಮ ಮೇಷ್ಟ್ರು ಬನಿಯನ್ನಲ್ಲೇ ವೇದಿಕೆ ಹತ್ತಬೇಕಾಗುತ್ತೆ. ನಲವತ್ತೊಂದು ಜನಕ್ಕೂ ಒಂದೇ ಏಟಿಗೆ ಮೆಸೇಜ್ ಹಾಕ್ತೀನಿ. ‘ನಿಮ್ಮ ಕೋಟು ಸಿದ್ಧ. ನಾಲ್ಕು ಗಂಟೆಯೊಳಗೆ ಅಂಗಡಿಗೆ ಬಂದು ಹಾಕಿ ನೋಡಿ.’ ಕೋಟು ಹೊಲಿಯೋಕೆ ಕೊಟ್ಟಿರೋರು ಒಬ್ಬರೇ ತಾನೆ? ಅವರೊಬ್ಬರೇ ಬರ್ತಾರೆ.

(ಮಾತು ನ್ಯಾಯವಾಗಿತ್ತು. ಅದೇ ಅದರ ದೋಷ. ದರ್ಜಿ ತಲೆಯಾಡಿಸಿದ, ಭಾವಮೈದ ಒತ್ತಿದ. ಅರ್ಧ ನಿಮಿಷ ಸುಮ್ಮನಿದ್ದ ಫೋನು ಆಮೇಲೆ ಟಿಣ್ ಟಿಣ್ ಎನ್ನಲು ಶುರುಮಾಡಿ ನಿಲ್ಲಿಸಲೇ ಇಲ್ಲ.)

ದರ್ಜಿ: ಮೇಷ್ಟ್ರಾ? ಬರ್ತಾರಂತಾ?

ಹೆಂಡತಿ (ಓದುತ್ತ): ‘ಇದು ಯಾವ ಗುಂಪು?’ ‘ನನ್ನನ್ನ ಯಾರು ಸೇರಿಸಿದ್ದು?’ ‘ಮೇಲೆ ಗುಂಪಿನ ಹೆಸರು ನೋಡಿ.’ ‘ಹೆಡ್‌ಮಾಸ್ಟರ್ ಸಾರ್, ನೀವೂ ಇದೀರಾ?’ ‘ನನಗೆ ಕೋಟೂ ಇಲ್ಲ, ಹೊಟ್ಟೆಯೂ ಇಲ್ಲ.’ ‘ಎರಡನೇದು ಸುಳ್ಳು.’

ದರ್ಜಿ: ಗುಂಪಾ? ಹೆಸರಾ? ಏನು ಹೆಸರು?

ಭಾವಮೈದ: ನಾನೇನೂ ಇಟ್ಟಿಲ್ಲ ಭಾವ. ಎಲ್ಲರನ್ನೂ ಸೇರಿಸಿ ಗುಂಪು ಮಾಡಿ ಅದೇ ಒಂದು ಹೆಸರು ಇಟ್ಕೊಂಡಿದೆ. ನೀವು ಅವರಿಗೆಲ್ಲ ಏನು ಇಟ್ಟಿದ್ರೋ ಅದನ್ನೇ.

(ದರ್ಜಿ ಮೇಜಿನ ಅಂಚಿಗೆ ಕುಸಿದು ಕೂತ. ಕೋಪವೂ ಬರಲಿಲ್ಲ ಅವನಿಗೆ. ಕತ್ತಿನ ಟೇಪು ತೆಗೆದು ಕೈಗೆ ಸುತ್ತಿಕೊಂಡ.)

ದರ್ಜಿ: ಮೂವತ್ತು ವರ್ಷ ಕಣೇ. ಮೂವತ್ತು ವರ್ಷದಲ್ಲಿ ಒಬ್ಬನ ಎದುರಿಗೂ ಹೊಟ್ಟೆ ಅನ್ನೋ ಮಾತು ಬಾಯಿಂದ ಬಿಟ್ಟಿಲ್ಲ ನಾನು. ಟೇಪಿನ ಅಂಕಿ ಅವರಿಗೆ ಕಾಣದ ಹಾಗೆ ಬೆರಳು ಅಡ್ಡ ಇಟ್ಟು ಅಳತೆ ತಗೊಂಡಿದೀನಿ. ಎಲ್ಲರ ಮಾನ ಮುಚ್ಚಿದ್ದೇ ನನ್ನ ಕೆಲಸ. ಮೂರು ದಿನದ ಫೋನು ಮೂರು ಕ್ಷಣದಲ್ಲಿ ಬೀದಿಗೆ ತಂತು.

ಹೆಂಡತಿ: ಹೆಸರು ಇಟ್ಟಿದ್ದು ಫೋನಲ್ಲ, ನೀವು.

ಭಾವಮೈದ: ಮೂವತ್ತಾರು ಜನ ಗುಂಪು ಬಿಟ್ಟು ಹೋದ್ರು ಭಾವ.

ದರ್ಜಿ: ಉಳಿದ ಐದು?

ಭಾವಮೈದ: ಬೈತಾ ಇದಾರೆ.

(ಬಾಗಿಲಲ್ಲಿ ಬೂಟಿನ ಸದ್ದು. ಗಂಟೆ ಮೂರೂಮುಕ್ಕಾಲು. ಬಂದವರು ಸಾಕ್ಷಾತ್ ಬ್ಯಾಂಡ್ ಮೇಷ್ಟ್ರು. ಎದೆ ಗಲ್ಲದವರೆಗೆ ಎತ್ತಿದೆ, ಕುತ್ತಿಗೆಯ ನರ ಬಿಗಿದಿದೆ, ಮುಖ ಕೆಂಪಗಾಗಿದೆ. ಎದೆಯ ಕೆಳಗೆ ಇಷ್ಟು ದಿನ ಇದ್ದದ್ದು ಇವತ್ತು ಇಲ್ಲ.)

ಮೇಷ್ಟ್ರು: ಕೋಟು.

ದರ್ಜಿ: ಬನ್ನಿ ಸ್ವಾಮಿ, ಬನ್ನಿ! ತಮಗೇ ಕಾಯ್ತಿದ್ವಿ.

ಮೇಷ್ಟ್ರು: ಯಾವುದೋ ಗುಂಪಿಗೆ ನನ್ನನ್ನ ತಪ್ಪಿ ಸೇರಿಸಿದ್ರಿ.

ದರ್ಜಿ: ಶುದ್ಧ ತಪ್ಪು ಸ್ವಾಮಿ. ಹೊಸ ಫೋನು, ಇನ್ನೂ ಜನರ ಪರಿಚಯ ಇಲ್ಲ ಅದಕ್ಕೆ.

ಮೇಷ್ಟ್ರು: ಅದೇ ಅನ್ಕೊಂಡೆ. ನನಗೂ ಆ ಹೆಸರಿಗೂ ಏನು ಸಂಬಂಧ?

(ಕೋಟು ತೊಡಿಸಿದ್ದಾಯಿತು. ಕೈ ಎತ್ತಿಸಿದ್ದಾಯಿತು. ಕಂಕುಳು ಸರಿಯಾಗಿತ್ತು, ಬೆನ್ನು ಬೆಣ್ಣೆಯಂತೆ ಕೂತಿತು. ಮುಂಭಾಗ ಮಾತ್ರ ಗಾಳಿ ಹೋದ ಡೇರೆಯಂತೆ ಜೋತುಬಿತ್ತು.)

ದರ್ಜಿ: ಸ್ವಾಮಿ, ಸ್ವಲ್ಪ ಉಸಿರು ಬಿಡಿ.

ಮೇಷ್ಟ್ರು (ಉಸಿರು ಬಿಡದೆ): ಬಿಟ್ಟಿದೀನಿ.

ದರ್ಜಿ: ಅಲ್ಲ, ಹೊಟ್ಟೆ ಸ್ವಲ್ಪ ಸಡಿಲ...

ಮೇಷ್ಟ್ರು: ಯಾವ ಹೊಟ್ಟೆ?

(ದರ್ಜಿ ಹೆಂಡತಿಯ ಕಡೆ ನೋಡಿದ. ಅವಳು ಚಾವಣಿಯ ಕಡೆ ನೋಡಿದಳು.)

ಮೇಷ್ಟ್ರು: ಮುಂದೆ ಮೂರು ಇಂಚು ಒಳಗೆ ತಗೊಳ್ಳಿ. ಅಳತೆ ಎಲ್ಲೋ ತಪ್ಪಿದೀರಿ. ಆಗಲ್ಲ ಅಂದ್ರೆ ಹೇಳಿಬಿಡಿ, ಎದುರಿನ ಅಂಗಡೀಲಿ ಒಂದು ಹಾಕ್ಕೊಂಡು ಹೋಗ್ತೀನಿ.

ದರ್ಜಿ: ಆಗುತ್ತೆ ಸ್ವಾಮಿ, ಯಾಕಾಗಲ್ಲ? ಹತ್ತೇ ನಿಮಿಷ.

(ಕೋಟು ಬಿಚ್ಚಿಸಿಕೊಂಡು ಪರದೆಯ ಹಿಂದೆ. ಮೂವರೂ ಪಿಸುದನಿಯಲ್ಲಿ.)

ಭಾವಮೈದ: ತೆಗೆದುಬಿಡಿ ಭಾವ ಮೂರು ಇಂಚು. ಅವರೇ ಹೇಳ್ತಿದಾರಲ್ಲ.

ದರ್ಜಿ: ತೆಗೆದ್ರೆ ಮೊದಲನೇ ಹಾಡು ಮುಗಿಯೋದ್ರೊಳಗೆ ಗುಂಡಿ ಹಾರಿ ಮುಂದಿನ ಸಾಲಲ್ಲಿ ಕೂತೋರ ಕಣ್ಣು ಹೋಗುತ್ತೆ. ಮನುಷ್ಯ ಎಷ್ಟು ಹೊತ್ತು ಅಂತ ಹಾಗೆ ಬಿಗಿದುಕೊಂಡು ನಿಲ್ತಾನೆ?

ಹೆಂಡತಿ: ಸುಮ್ಮನಿದ್ರೆ ತುಂಬಾ ಹೊತ್ತು ನಿಲ್ತಾನೆ. ಮಾತಾಡಿದ್ರೆ ನಿಲ್ಲಲ್ಲ. ನೀವು ತೋಳ್ ಹೊಲೀರಿ, ಉಳಿದದ್ದು ನನಗೆ ಬಿಡಿ.

(ದರ್ಜಿ ತೋಳು ಹೊಲಿದ. ಆಮೇಲೆ ಮೇಷ್ಟ್ರಿಗೆ ಸದ್ದು ಕೇಳಲೆಂದು ದಾರವಿಲ್ಲದ ಇನ್ನೊಂದು ಮಷೀನನ್ನು ಬರಿದೇ ತುಳಿಯುತ್ತ ಕೂತ. ಮುಂಭಾಗವನ್ನು ಮುಟ್ಟಲಿಲ್ಲ. ಹೆಂಡತಿ ಹೊರಗೆ ಬಂದು ಮೇಷ್ಟ್ರಿಗೆ ಸ್ಟೂಲು ಕೊಟ್ಟಳು. ಅವರು ಕೂರಲಿಲ್ಲ. ಕೂರುವುದು ಅಪಾಯವೆಂದು ಅವರಿಗೂ ಗೊತ್ತಿತ್ತು.)

ಹೆಂಡತಿ: ಇವತ್ತು ಏನು ನುಡಿಸ್ತೀರಿ ಮೇಷ್ಟ್ರೇ?

ಮೇಷ್ಟ್ರು: ಏಳು.

ಹೆಂಡತಿ: ಏಳು ಹಾಡಾ! ಎಲ್ಲಾ ಯಾರೋ ಮಾಡಿದ್ದೋ, ಒಂದಾದ್ರೂ ನಿಮ್ದಿದೆಯೋ?

ಮೇಷ್ಟ್ರು: ಕೊನೇದು ನನ್ನದು.

ಹೆಂಡತಿ: ಹೌದಾ? ನಮಗೆಲ್ಲ ಅದು ಎಲ್ಲಿ ತಿಳಿಯುತ್ತೆ ಬಿಡಿ. ಯಾರೋ ಹೇಳ್ತಿದ್ರು, ಬ್ಯಾಂಡಲ್ಲಿ ಕಷ್ಟ ಎಲ್ಲ ಊದೋರಿಗೆ, ಮೇಷ್ಟ್ರು ಸುಮ್ಮನೆ ಕೈ ಆಡಿಸ್ತಾರೆ ಅಂತ.

ಮೇಷ್ಟ್ರು: ಯಾರಮ್ಮಾ ಹಾಗಂದಿದ್ದು? ಯಾವ ಕತ್ತೆ ಅಂದಿದ್ದು? ಸುಮ್ಮನೆ ಕೈ ಆಡಿಸ್ತಾರಂತೆ! ಇಲ್ಲಿ ಕೇಳಿ, ಮೊದಲು ಕಹಳೆಗಳು ಹೀಗೆ ಬರ್ತವೆ, ಪಾಂ ಪಪಾಂ, ಆ ಕಡೆಯಿಂದ ಡ್ರಮ್ಮು, ಆಗ ನಾನು ಎಡಗೈಯಲ್ಲಿ ಇವರನ್ನ ತಡೀಬೇಕು, ಬಲಗೈಯಲ್ಲಿ ಅವರನ್ನ ಎತ್ತಬೇಕು, ಒಂದು ಕೂದಲಷ್ಟು ತಪ್ಪಿದ್ರೂ...

(ಎರಡೂ ಕೈ ಬೀಸುತ್ತ, ಪಾಂ ಪಾಂ ಎನ್ನುತ್ತ ಮೇಷ್ಟ್ರು ಅಂಗಡಿಯ ನಡುವೆ ನಿಂತು ಇಡೀ ಬ್ಯಾಂಡನ್ನು ನಡೆಸಿದರು. ಮೂರನೆಯ ‘ಪಪಾಂ’ಗೆ ಎದೆ ಇಳಿಯಿತು. ಐದನೆಯದಕ್ಕೆ ಹೊಟ್ಟೆ ಯಾವ ಸಂಕೋಚವೂ ಇಲ್ಲದೆ ತನ್ನ ಜಾಗಕ್ಕೆ ಬಂದು ಕೂತಿತು. ಅದೇ ಗಳಿಗೆಗೆ ದರ್ಜಿ ಪರದೆ ಸರಿಸಿ ಬಂದು, ಹಿಂದಿನಿಂದ ಕೋಟು ತೊಡಿಸಿ ಗುಂಡಿ ಹಾಕಿಯೇ ಬಿಟ್ಟ. ಒಂದು ಸುಕ್ಕಿಲ್ಲ, ಒಂದು ಎಳೆತವಿಲ್ಲ.)

ಮೇಷ್ಟ್ರು (ಕನ್ನಡಿಯಲ್ಲಿ ನೋಡಿಕೊಂಡು): ಆಹಾ! ಮೂರು ಇಂಚು ತೆಗೆದ್ರಾ?

ದರ್ಜಿ: ಮೂರೂಕಾಲು ಸ್ವಾಮಿ.

ಮೇಷ್ಟ್ರು: ನೋಡಿ, ನಾನು ಹೇಳಲಿಲ್ವಾ? ಅಳತೆ ತಪ್ಪಿದ್ದು ನಿಮ್ಮದು.

ದರ್ಜಿ: ನನ್ನದೇ ಸ್ವಾಮಿ.

ಮೇಷ್ಟ್ರು: ಇರಲಿ, ತಿದ್ದಿಕೊಂಡ್ರಲ್ಲ. ಎದುರಿನ ಅಂಗಡಿಯವರಿಗೆ ಇದು ಬರಲ್ಲ. ನಾಳೆ ಬೆಳಗ್ಗೆ ಹತ್ತಕ್ಕೆ ನಮ್ಮ ಹದಿನೇಳು ಜನರನ್ನೂ ಕಳಿಸ್ತೀನಿ, ಅಳತೆ ತಗೊಳ್ಳಿ. ಆದ್ರೆ ಒಂದು ಮಾತು ಈಗಲೇ ತಿಳ್ಕೊಂಡಿರಿ, ನಮ್ಮ ಬ್ಯಾಂಡಲ್ಲಿ ಯಾರಿಗೂ ಹೊಟ್ಟೆ ಇಲ್ಲ.

ದರ್ಜಿ (ಕೈಮುಗಿದು): ಗೊತ್ತು ಸ್ವಾಮಿ. ಅದಕ್ಕೇ ಇವತ್ತೇ ಹೋಗಿ ಬಟ್ಟೆ ಸ್ವಲ್ಪ ಜಾಸ್ತಿ ತಂದಿಟ್ಕೊಳ್ತೀನಿ.